ಮಕ್ಕಳನ್ನು ಗುಡ್ಡದಿಂದ ಇಳಿಸಿದವರು

ನಾನು ಕಂಡವರಲ್ಲಿ ಅವರಷ್ಟು ಸಿಟ್ಟಿನ ಮನುಷ್ಯ ಮತ್ತೊಬ್ಬರಿಲ್ಲ. ಹಾವೇರಿಯಲ್ಲಿ ಒಂದು ಟ್ರಸ್ಟು ನಡೆಸುತ್ತಿದ್ದ ರಕ್ತಭಂಡಾರದಲ್ಲಿ ಅವರು ಟೆಕ್ನೀಶಿಯನ್ ಆಗಿದ್ದರು. ಬೆಳಿಗ್ಗೆ ಎಂಟೂವರೆಗೆ ಬಾಗಿಲು ತೆಗೆದರೆ ಒಂಬತ್ತರೊಳಗೆ ಯಾರಾದರೊಬ್ಬರಿಗೆ ಬೈದಾಗಿರುತ್ತಿತ್ತು. ರಕ್ತ ಕೇಳಲು ಬಂದವರಿಗೆ ಬೈಯುತ್ತಿದ್ದರು, ಕೊಡಲು ಬಂದವರಿಗೂ ಬೈಯುತ್ತಿದ್ದರು. ಫೋನಿನ ಆ ಕಡೆ ಹುಬ್ಬಳ್ಳಿಯ ದೊಡ್ಡ ಡಾಕ್ಟರಿದ್ದರೂ ದನಿ ಇಳಿಸಿದ್ದನ್ನು ನಾನು ಕೇಳಿಲ್ಲ.

ಕಳೆದ ತಿಂಗಳು ತೀರಿಕೊಂಡರು. ಬ್ಯಾಡಗಿಯ ತಮ್ಮ ಮನೆಯಲ್ಲಿ ಮಧ್ಯಾಹ್ನ ಊಟ ಮಾಡಿ ಅಡ್ಡಾದವರು ಚಹಾದ ಹೊತ್ತಿಗೆ ಎಬ್ಬಿಸಿದರೆ ಏಳಲಿಲ್ಲವಂತೆ. ಅವರ ಬಗ್ಗೆ ಬರೆಯುತ್ತೇನೆ ಎಂದಾಗ ಅವರ ಹೆಂಡತಿ, "ಬರೀರಿ ಅಕ್ಕೋರ, ಆದ್ರ ಹೆಸರು ಹಾಕಬ್ಯಾಡ್ರಿ. ಹೆಸರು ಹಾಕಸ್ಕೊಳ್ಳೂದು ಅವ್ರಿಗೆ ಸೇರ್ತಿದ್ದಿಲ್ಲ" ಎಂದರು. ನಾನು ಮೇಡ್ಲೇರಿಯ ಶಾಲೆಯಲ್ಲಿ ಕಲಿಸುವವಳು. ನಮ್ಮ ಕಡೆ ಕಲಿಸುವ ಹೆಂಗಸರು ಎಲ್ಲರಿಗೂ ಅಕ್ಕೋರು. ಅವರೂ ನನ್ನನ್ನು ಹಾಗೇ ಕರೆಯುತ್ತಿದ್ದರು. ನಾನು ಅವರಿಗೆ ಸರ ಎನ್ನುತ್ತಿದ್ದೆ.

ನನ್ನ ಮಗಳು ಚೈತ್ರಾಗೆ ಹತ್ತು ತಿಂಗಳಾದಾಗ ಮೈ ಬಿಳಿಚಿಕೊಂಡು, ಹಾಲು ಕುಡಿಯುವಷ್ಟರಲ್ಲೇ ದಣಿಯತೊಡಗಿದಳು. ಹುಬ್ಬಳ್ಳಿಯಲ್ಲಿ ಪರೀಕ್ಷೆ ಮಾಡಿ ಥಲಸ್ಸೇಮಿಯಾ ಎಂದರು. ಇವಳ ಮೈ ತನಗೆ ಬೇಕಾದ ರಕ್ತವನ್ನು ತಾನೇ ಮಾಡಿಕೊಳ್ಳಲಾರದು, ಮೂರು ವಾರಕ್ಕೊಮ್ಮೆ ಹೊರಗಿನಿಂದ ಏರಿಸಬೇಕು, ಇದು ಬದುಕಿರುವವರೆಗೂ ತಪ್ಪಿದ್ದಲ್ಲ ಎಂದರು. ಏರಿಸಿದ ರಕ್ತದಿಂದ ಮೈಯಲ್ಲಿ ಕಬ್ಬಿಣ ಸೇರಿಕೊಳ್ಳುತ್ತದೆ, ಅದನ್ನು ತೆಗೆಯಲು ದಿನಾ ಮಾತ್ರೆ ಬೇರೆ. ಆ ಚೀಟಿ ಹಿಡಿದುಕೊಂಡು ನಾವು ಮೊದಲ ಸಲ ಹಾವೇರಿಯ ಆ ಕಿಟಕಿಯ ಮುಂದೆ ನಿಂತಾಗ ನಾನು ಅಳುತ್ತಿದ್ದೆ. ನನ್ನ ಗಂಡ ಆ ಚೀಟಿಯನ್ನೇ ತಿರುಗಿಸಿ ತಿರುಗಿಸಿ ಓದುತ್ತಿದ್ದರು. ಜೊತೆಗೆ ಬಂದಿದ್ದ ನನ್ನ ಭಾವ, "ಹೆಣ್ಣ ಕೂಸಿಗೆ ಇಷ್ಟೆಲ್ಲಾ ಓಡ್ಯಾಡಿ ಏನ್ ಮಾಡೂದೈತಿ" ಎಂದು ತಮ್ಮನ ಕಿವಿಯಲ್ಲಿ ಹೇಳಿದರು.

ಕಿಟಕಿಯ ಒಳಗಿದ್ದವರಿಗೆ ಅದು ಕೇಳಿಸಿತು. ತಲೆ ಎತ್ತಿ ನೋಡಿದರು. ಗಿಡ್ಡ ಮನುಷ್ಯ, ಅಗಲ ಹಣೆ, ಕನ್ನಡಕದ ಒಂದು ಕಡ್ಡಿಗೆ ಬಿಳಿ ಟೇಪು ಸುತ್ತಿತ್ತು.

"ನಿಮ್ಮ ಗುಂಪು ಯಾವುದ್ರಿ?" ಎಂದು ಭಾವನನ್ನು ಕೇಳಿದರು.

"ಯಾಕ್ರಿ?"

"ಹೆಣ್ಣ ಕೂಸಿಗೆ ರಕ್ತ ಬೇಕಾಗೈತಿ. ದೊಡ್ಡಪ್ಪ ಅದೀರಿ. ಒಳಗ ಬರ್ರಿ."

ಭಾವ ಹಿಂದೆ ಸರಿದರು. ಅವರು ಬಾಗಿಲು ತೆಗೆದು ಹೊರಗೆ ಬಂದು ಭಾವನ ಮುಂಗೈ ಹಿಡಿದುಕೊಂಡೇ ಒಳಗೆ ಕರೆದೊಯ್ದರು. ಆಮೇಲೆ ನನ್ನ ಕಡೆ ತಿರುಗಿ, "ನೀವ್ ಆಮ್ಯಾಲ ಅಳ್ರಿ. ಮೊದಲ ಕೂಸಿಗೆ ಏನರ ತಿನಸ್ರಿ, ಹಸದೈತಿ" ಎಂದರು. ಚೈತ್ರಾಗೆ ಹಸಿವಾಗಿತ್ತು. ನನಗೆ ಅದು ಹೊಳೆದಿರಲಿಲ್ಲ. ನನ್ನ ಭಾವ ಆ ದಿನ ಮೊದಲ ಸಲ ರಕ್ತ ಕೊಟ್ಟರು. ಅವರಿಗೆ ಈಗ ಅರವತ್ತೈದು ದಾಟಿದೆ, ಕೊಡುವಂತಿಲ್ಲ. ಅಲ್ಲಿಯವರೆಗೆ ನಾಲ್ಕು ತಿಂಗಳಿಗೊಮ್ಮೆ ಯಾರಿಗೂ ಹೇಳದೆ ಹೋಗಿ ಕೊಟ್ಟು ಬರುತ್ತಿದ್ದರು.

ಮಂದಿಯ ಹೆಸರು ಅವರಿಗೆ ನೆನಪಿರುತ್ತಿರಲಿಲ್ಲ, ಗುಂಪು ಮರೆಯುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನ ಚಹಾದಂಗಡಿಯವನು ಓ ಪಾಸಿಟಿವ್. ರಾಣೇಬೆನ್ನೂರು ಬಸ್ಸಿನ ಒಬ್ಬ ಕಂಡಕ್ಟರು ಎಬಿ ನೆಗೆಟಿವ್. ಅವನು ಕಂಡರೆ ಸಾಕು, ದೂರದಿಂದಲೇ, "ಏ ಎಬಿ, ಆರೋಗ್ಯದಿಂದ ಅದೀಯಿಲ್ಲೊ?" ಎಂದು ಕೂಗುತ್ತಿದ್ದರು. ಅವನಿಗಿಂತ ಅವನ ರಕ್ತದ ಮೇಲೆ ಇವರಿಗೆ ಕಾಳಜಿ ಎಂದು ಬಸ್ಸಿನವರೆಲ್ಲ ನಗುತ್ತಿದ್ದರು. ಮಕ್ಕಳು ಬಂದ ಕೂಡಲೇ ಹೆಬ್ಬೆರಳಿನಿಂದ ಕೆಳಗಿನ ಕಣ್ಣುರೆಪ್ಪೆಯನ್ನು ಇಷ್ಟೇ ಇಷ್ಟು ಎಳೆದು ನೋಡಿ, ಈ ಸಲ ಎಷ್ಟು ಇಳಿದಿದೆ ಎಂದು ಹೇಳಿಬಿಡುತ್ತಿದ್ದರು. ಯಂತ್ರವೂ ಆಮೇಲೆ ಹೆಚ್ಚುಕಡಿಮೆ ಅದನ್ನೇ ಹೇಳುತ್ತಿತ್ತು.

ಬ್ಯಾಡಗಿಯಿಂದ ದಿನಾ ಸ್ಕೂಟರಿನಲ್ಲಿ ಬರುತ್ತಿದ್ದರು. ಬರುವಾಗ ಮೆಣಸಿನಕಾಯಿ ಮಾರುಕಟ್ಟೆಗೆ ಹೋಗಿ ಚೀಲ ಹೊರುವ ಹಮಾಲರ ಜೊತೆ ಕೂತು ಚಹಾ ಕುಡಿದೇ ಬರಬೇಕು. ಅವರ ಅಂಗಿಗೆ ಹತ್ತಿದ ಮೆಣಸಿನಕಾಯಿಯ ಘಾಟಿಗೆ, ಪಕ್ಕದ ವಾರ್ಡಿನಲ್ಲಿ ರಕ್ತ ಏರಿಸಿಕೊಳ್ಳುವ ಮಕ್ಕಳು ಸೀನುತ್ತಿದ್ದವು. ಆ ಹಮಾಲರ ಮುಖಂಡ ದಾವಲ್‌ಸಾಬ್ ಎಂಬವರು ಅವರ ಬಲಗೈ. "ನಾಳೆ ಎರಡು ಬಿ ಪಾಸಿಟಿವ್ ಬೇಕೋ ದಾವಲ್" ಎಂದರೆ ಮರುದಿನ ಇಬ್ಬರು ತಲೆಗೆ ಟವೆಲ್ ಸುತ್ತಿಕೊಂಡು ಹಾವೇರಿ ಬಸ್ಸಿನಿಂದ ಇಳಿಯುತ್ತಿದ್ದರು. ನನ್ನ ಮಗಳ ಮೈಯಲ್ಲಿ ಹರಿದದ್ದರಲ್ಲಿ ಅರ್ಧದಷ್ಟಾದರೂ ಆ ಮಾರುಕಟ್ಟೆಯದ್ದು.

ಒಮ್ಮೆ ಬಿ ನೆಗೆಟಿವ್ ಬೇಕಾಗಿ ಎಲ್ಲೂ ಸಿಗದೆ, ಗಳಗನಾಥದಲ್ಲಿ ನಡೆಯುತ್ತಿದ್ದ ಒಂದು ಮದುವೆಗೇ ಹೋದರಂತೆ. ಮದುಮಗನ ತಮ್ಮನ ಗುಂಪು ಅದು. ಮದುಮಕ್ಕಳ ಮೇಲೆ ಅಕ್ಕಿಕಾಳು ಬೀಳುವ ಹೊತ್ತು. ಹಿರಿಯರು, "ಅಕ್ಕಿಕಾಳು ಬಿದ್ದಮ್ಯಾಲ ಕಳಸ್ತೀವಿ ಕುಂದರ್ರಿ, ಊಟಾ ಮಾಡ್ರಿ" ಎಂದರು. "ನಿಮ್ಮ ಹುಡುಗ ಇಲ್ಲಿಲ್ಲಂದ್ರ ಮದುವಿ ನಿಂದರಂಗಿಲ್ಲ. ಅಲ್ಲಿಲ್ಲಂದ್ರ ಒಂದ್ ಕೂಸು ಉಳಿಯಂಗಿಲ್ಲ" ಎಂದು ಮಂಟಪದಲ್ಲೇ ಕೂಗಾಡಿದರಂತೆ. ಹುಡುಗ ಅರಿಷಿಣದ ಅಂಗಿಯಲ್ಲೇ ಸ್ಕೂಟರು ಹತ್ತಿ ಬಂದ. ಕೊಟ್ಟು ವಾಪಸು ಹೋಗುವಷ್ಟರಲ್ಲಿ ಕೊನೆಯ ಪಂಕ್ತಿ ನಡೆದಿತ್ತಂತೆ.

'ಪಾಪ' ಎಂಬ ಮಾತು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಹುಟ್ಟುಹಬ್ಬ, ಪುಣ್ಯತಿಥಿ ಎಂದು ಹಣ್ಣು ಹಂಚಲು ಬಂದವರು ಮಕ್ಕಳ ಗಲ್ಲ ಸವರಿ ಪಾಪ ಎಂದರೆ, "ಅದನ್ನ ಹೊರಗ ಹೋಗಿ ಅನ್ರಿ. ಇಲ್ಲಿ ರಕ್ತಾ ಏರಸಾಕತ್ತೀವಿ" ಎನ್ನುತ್ತಿದ್ದರು. ಇದೆಲ್ಲ ಟ್ರಸ್ಟಿನವರಿಗೆ ಹಿಡಿಸುತ್ತಿರಲಿಲ್ಲ. ಹಣ್ಣು ಹಂಚುವವರು ಟ್ರಸ್ಟಿನ ಅಧ್ಯಕ್ಷರಿಗೆ ಬೇಕಾದವರು.

ಗುಡ್ಡದ ಓಟದ ಸುದ್ದಿ ಬಂದದ್ದು ಎಂಟು ವರ್ಷದ ಹಿಂದೆ. ಅಧ್ಯಕ್ಷರು ದೊಡ್ಡ ವ್ಯಾಪಾರಸ್ಥರು, ದಿನಾ ಬೆಳಿಗ್ಗೆ ಬೂಟು ಹಾಕಿಕೊಂಡು ಓಡುವವರು. ಹಲಗೇರಿ ಕಡೆಯ ಒಂದು ಕಲ್ಲುಗುಡ್ಡದ ಮೇಲೆ ಥಲಸ್ಸೇಮಿಯಾ ಮಕ್ಕಳ ಸಲುವಾಗಿ ಓಟ ಇಡುವುದು, ಓಡಲು ಬರುವವರು ಕೊಟ್ಟ ದುಡ್ಡಿನಲ್ಲಿ ಮಕ್ಕಳಿಗೆ ಕಬ್ಬಿಣ ತೆಗೆಯುವ ಮಾತ್ರೆ ಕೊಡಿಸುವುದು ಎಂದು ಅವರು ಗೊತ್ತು ಮಾಡಿದರು. ಹುಬ್ಬಳ್ಳಿ, ದಾವಣಗೆರೆಯಿಂದಲೂ ಓಟಗಾರರು ಬರುವವರಿದ್ದರು.

ಈ ಯೋಚನೆಗೆ ಅತ್ಯಂತ ಖುಷಿಪಟ್ಟವರು ನಮ್ಮ ಸರ. ಇದನ್ನು ನಾನು ಒತ್ತಿ ಹೇಳಬೇಕು. ಆಮೇಲೆ ಟ್ರಸ್ಟಿನವರು ಅವರನ್ನು ಓಟದ ವೈರಿ ಎಂದು ಸಾರಿದರು. ಎರಡು ಭಾನುವಾರ ಒಬ್ಬರೇ ಆ ಗುಡ್ಡ ಹತ್ತಿ, ದಾರಿ ತಪ್ಪಬಾರದೆಂದು ಕಲ್ಲುಕಲ್ಲಿಗೆ ಸುಣ್ಣದ ಗುರುತು ಹಾಕಿ ಬಂದವರು ಅವರು. ಅವರು ಕೇಳಿದ್ದು ಎರಡೇ. ಓಟ ಮುಗಿಯುವ ಕಡೆ ಒಂದು ಮೇಜು ಹಾಕಬೇಕು, ಓಡಿ ದಣಿದವರ ರಕ್ತ ಅವತ್ತು ತೆಗೆಯುವುದು ಬೇಡ, ಹೆಸರು, ಗುಂಪು, ಫೋನು ನಂಬರು ಬರೆದುಕೊಳ್ಳುತ್ತೇನೆ. ಇನ್ನೊಂದು, ಮಕ್ಕಳನ್ನು ಅಲ್ಲಿಗೆ ತರಬಾರದು. ಅಧ್ಯಕ್ಷರು ಎರಡಕ್ಕೂ ಆಗಲಿ ಎಂದರು.

"ಇಷ್ಟು ಗಟ್ಟಿಮುಟ್ಟ ಮಂದಿ ಒಂದ ಕಡೆ ಯಾವಾಗ ಸಿಗಬೇಕ್ರಿ ಅಕ್ಕೋರ? ಐವತ್ತು ಹೆಸರು ಸಿಕ್ರೂ ಒಂದ್ ವರ್ಷ ನಾ ಯಾರಿಗೂ ಬೈಯಂಗಿಲ್ಲ" ಎಂದು ನನ್ನೆದುರು ನಕ್ಕಿದ್ದರು.

ಓಟದ ಹಿಂದಿನ ದಿನ ಸಂಜೆ ಎಲ್ಲ ತಂದೆತಾಯಿಗಳಿಗೂ ಟ್ರಸ್ಟಿನ ಕಚೇರಿಯಿಂದ ಫೋನು ಬಂತು. "ನಾಳೆ ನಸುಕಿನ್ಯಾಗ ಕೂಸಿನ್ನ ಕರಕೊಂಡ ಬರ್ರಿ. ಅತಿಥಿಗಳು ಮಕ್ಕಳನ್ನ ನೋಡಬೇಕಂತ. ಮಾತ್ರಿ ಕೊಡೂ ಪಟ್ಟಿಗೆ ಹೆಸರು ಅಲ್ಲೇ ಬರಕೋತೀವಿ." ಬರದಿದ್ದರೆ ಹೆಸರಿಲ್ಲ ಎಂದು ಅವರು ಹೇಳಲಿಲ್ಲ. ಹೇಳುವ ಅಗತ್ಯ ಇರಲಿಲ್ಲ. ಆಗ ಚೈತ್ರಾಗೆ ಹನ್ನೊಂದು ವರ್ಷ. ರಕ್ತ ಏರಿಸುವ ದಿನಕ್ಕೆ ಇನ್ನೆರಡೇ ದಿನ ಇತ್ತು, ಅಂದರೆ ಮೈಯಲ್ಲಿ ಕಸುವು ಅತಿ ಕಡಿಮೆ ಇರುವ ಹೊತ್ತು. ನನಗೆ ಅದು ಚೆನ್ನಾಗಿ ಗೊತ್ತಿತ್ತು. ಆದರೂ ಕರೆದುಕೊಂಡು ಹೋದೆ.

ಹದಿನಾಲ್ಕು ಮಕ್ಕಳು ಬಂದಿದ್ದವು. ಕೆಳಗೆ ಧ್ವನಿವರ್ಧಕ, ಕೆಂಪು ಅಂಗಿಗಳ ಗುಂಪು, ಉಪ್ಪಿಟ್ಟಿನ ವಾಸನೆ. ಮಕ್ಕಳಿಗೆ ಕೆಳಗೆ ಕೂಡುವ ಏರ್ಪಾಡಿದೆ ಎಂದುಕೊಂಡಿದ್ದೆವು. ಸ್ವಯಂಸೇವಕರು ಬಂದು, ಗುಡ್ಡದ ಅರ್ಧಕ್ಕೆ ಒಂದು ಅಗಲ ಬಂಡೆ ಇದೆ, ದಾರಿ ಅಲ್ಲಿ ತಿರುಗುತ್ತದೆ, ಮಕ್ಕಳು ಅಲ್ಲಿ ನಿಂತರೆ ಏರುವವರಿಗೆ ಹುರುಪು ಬರುತ್ತದೆ ಎಂದರು. ನಾವು ಮೆಲ್ಲಗೆ, ಕೂಡುತ್ತ ಏಳುತ್ತ ಹತ್ತಿದೆವು. ಕೆಲವು ಮಕ್ಕಳನ್ನು ಎತ್ತಿಕೊಳ್ಳಬೇಕಾಯಿತು. ಅಲ್ಲಿ ಒಂದೊಂದು ಕೂಸಿನ ಕೊರಳಿಗೂ ಒಂದೊಂದು ರಟ್ಟಿನ ಫಲಕ ಹಾಕಿದರು. 'ನನಗಾಗಿ ಓಡಿ' ಎಂದು ಅದರಲ್ಲಿ ಬರೆದಿತ್ತು. ಒಂದು ಕೈಗೆ ಕೆಂಪು ಬಾವುಟ ಕೊಟ್ಟರು.

ಚೈತ್ರಾ ಕೊರಳಲ್ಲಿದ್ದುದನ್ನು ತಿರುಗಿಸಿ ಓದಿಕೊಂಡಳು. "ಅವ್ವಾ, ನನ್ನೂ ಒಂದೀಟು ಓಡಾಕ ಬಿಡ್ತಾರೇನ?" ಎಂದು ಕೇಳಿದಳು.

ಆರು ಗಂಟೆಗೆ ಶುರುವಾಗಬೇಕಾದ ಓಟ ಅತಿಥಿ ಬರಲಿಲ್ಲವೆಂದು ತಡವಾಯಿತು. ಎಂಟಾಯಿತು. ಆ ಬಂಡೆಗೆ ನೆರಳಿಲ್ಲ. ಕೂತ ಮಕ್ಕಳನ್ನು ಫೋಟೊ ತೆಗೆಯುವವನು ಮತ್ತೆ ಮತ್ತೆ ಎಬ್ಬಿಸುತ್ತಿದ್ದ, "ಈಗ ಬಂದ್ರು, ಈಗ ಬಂದ್ರು" ಎನ್ನುತ್ತಿದ್ದ. ನೀರು ಕೆಳಗಿತ್ತು. ಒಂದು ಸಣ್ಣ ಕೂಸು ವಾಂತಿ ಮಾಡಿಕೊಂಡಿತು. ಚೈತ್ರಾ ಕುಸಿದು ಕೂತಳು. ತುಟಿ ಗೋಡೆಯ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ನಾನು ಫೋನು ತೆಗೆದು ಸರಗೆ ಹಚ್ಚಿದೆ.

"ಚೈತ್ರಾ ಕುಂತಬಿಟ್ಟಾಳ್ರಿ ಸರ. ಮಾತಾಡವಲ್ಲಳು."

"ಎಲ್ಲದೀರಿ? ಮನಿಯಾಗ?"

"ಇಲ್ರಿ. ಗುಡ್ಡದ ಮ್ಯಾಲ."

"ಯಾವ ಗುಡ್ಡ?"

"ಓಟದ್ದು. ಎಲ್ಲಾ ಮಕ್ಕಳೂ ಇಲ್ಲೇ ಅದಾವು."

ಫೋನು ಕಟ್ಟಾಯಿತು. ನಾವು ಹತ್ತಿದ ಮೇಲೆ ಬಂದಿದ್ದ ಅವರು ಅದೇ ಗುಡ್ಡದ ಕೆಳಗೆ, ಮುಕ್ತಾಯದ ಗೆರೆಯ ಹತ್ತಿರ ಇದ್ದರು. ಅವರು ಕೇಳಿದ್ದ ಮೇಜನ್ನು ಯಾವುದೋ ತಂಪು ಪಾನೀಯದವರಿಗೆ ಕೊಟ್ಟು, ನೀವು ಎಲ್ಲಾದರೂ ನಿಂತು ಬರೆದುಕೊಳ್ಳಿ ಎಂದಿದ್ದರಂತೆ. ಅದಕ್ಕೇ ಜಗಳ ನಡೆದಿತ್ತಂತೆ. ಅಷ್ಟರಲ್ಲಿ ಓಟವೂ ಬಿಟ್ಟಿತ್ತು. ಐವತ್ತೈದು ವರ್ಷದ ಮನುಷ್ಯ, ಕಾಲಲ್ಲಿ ಚಪ್ಪಲಿ, ಓಟಗಾರರ ಮಧ್ಯೆ ನುಗ್ಗಿ ಗುಡ್ಡ ಹತ್ತಿ ಬಂದದ್ದನ್ನು ನಾನು ನೋಡಿದೆ. ಮುಂದೆ ಬರುತ್ತಿದ್ದ ಕೆಲವು ಓಟಗಾರರಿಗಿಂತ ಮೊದಲೇ ಬಂಡೆ ಮುಟ್ಟಿದರು.

ಬಂದವರು ಮೊದಲು ಚೈತ್ರಾಳ ಕಣ್ಣುರೆಪ್ಪೆ ಎಳೆದು ನೋಡಿದರು. ಆಮೇಲೆ ಎದ್ದು ಒಂದೊಂದೇ ಕೂಸಿನ ಕೊರಳಿನ ಫಲಕ ತೆಗೆದು ಮುಳ್ಳುಕಂಟಿಯ ಕಡೆ ಬೀಸಿ ಒಗೆದರು. ಫೋಟೊದವನು, "ಸರ, ಅದರಾಗ ಸ್ಪಾನ್ಸರ್ ಹೆಸರೈತ್ರಿ" ಎಂದ. ಅವನ ಕ್ಯಾಮೆರಾ ಬಡಿದುಬಿಡುತ್ತಾರೆ ಎಂದು ನನಗೆ ಹೆದರಿಕೆಯಾಯಿತು. ಅವರು ಬಡಿಯಲಿಲ್ಲ. ಅಷ್ಟರಲ್ಲಿ ಅಧ್ಯಕ್ಷರೂ ಓಡುತ್ತ ಬಂದರು, ಅವರೂ ಅವತ್ತಿನ ಓಟಗಾರರೇ.

"ಏನ್ ನಡಸೀರಿ ಇದು? ಇಷ್ಟೆಲ್ಲಾ ಈ ಮಕ್ಕಳ ಸಲುವಾಗೇ ಮಾಡಾಕತ್ತೀವಿ!" ಎಂದರು ಅಧ್ಯಕ್ಷರು, ಏದುಸಿರಿನಲ್ಲಿ.

"ಮಕ್ಕಳ ಸಲುವಾಗಿ ಅಂದ್ರ ಮಕ್ಕಳನ್ನ ಬಿಸಲಾಗ ನಿಂದರಸ್ತೀರಿ? ಇವರ ಮೈಯಾಗ ಅರ್ಧಾ ರಕ್ತ ಇಲ್ರಿ! ನೀವು ತುಂಬಿದ ಮೈಲೆ ಓಡಾಕ ಹತ್ತೀರಿ, ಇವು ಖಾಲಿ ಮೈಲೆ ನಿಂತಾವು. ನೋಡಾಕ ಬೇಕಾಗಿದ್ವೇನು? ಬರ್ರಿ, ಮೂರ ವಾರಕ್ಕೊಮ್ಮೆ ಬರ್ರಿ, ವಾರ್ಡಿನ್ಯಾಗ ಕುಂತು ನೋಡ್ರಿ. ಒಬ್ಬರರ ಬಂದೀರೇನು?"

"ಜನರ ಮುಂದ ಹಿಂಗ ಮಾತಾಡಬ್ಯಾಡ್ರಿ."

"ಜನರ ಮುಂದ ನಿಂದರಿಸಿದವರು ನೀವು!"

ಆಮೇಲೆ ನಮ್ಮ ಕಡೆ ತಿರುಗಿದರು. "ನೀವರ ಯಾಕ ತಂದ್ರಿ? ಅಕ್ಕೋರ, ನಿಮಗೂ ತಿಳೀಲಿಲ್ಲೇನು?" ಎಂದರು. ನಾನು ಮಾತ್ರೆಯ ಪಟ್ಟಿ ಎಂದೆ. ಅವರ ಮುಖ ಒಮ್ಮೆಲೇ ಬಾಡಿತು. ಬಗ್ಗಿ ಚೈತ್ರಾಳನ್ನು ಬೆನ್ನಿಗೆ ಹಾಕಿಕೊಂಡು ಇಳಿಯತೊಡಗಿದರು.

ಅಷ್ಟು ಹೊತ್ತಿಗೆ ಬಂಡೆಯ ಮುಂದೆ ಓಟಗಾರರು ನಿಂತುಬಿಟ್ಟಿದ್ದರು. ಅವರಲ್ಲಿ ಒಬ್ಬಳು, ಉದ್ದ ಜಡೆಯ ಕಾಲೇಜು ಹುಡುಗಿ, ವಾಂತಿ ಮಾಡಿಕೊಂಡಿದ್ದ ಕೂಸನ್ನು ಎತ್ತಿಕೊಂಡಳು. ಹುಬ್ಬಳ್ಳಿಯ ಇಬ್ಬರು ಗಂಡಸರು ಎರಡು ಮಕ್ಕಳನ್ನು ಹೆಗಲ ಮೇಲೆ ಕೂಡಿಸಿಕೊಂಡರು. ಹೀಗೆ ಏಳೆಂಟು ಮಂದಿ ಓಟ ಬಿಟ್ಟು ನಮ್ಮ ಜೊತೆ ಕೆಳಗಿಳಿದರು. ಅವರ ಹೆಸರು ನನಗೆ ಗೊತ್ತಿಲ್ಲ, ಮತ್ತೆ ಕಾಣಲೂ ಇಲ್ಲ. ಉಳಿದವರು ಮೇಲಕ್ಕೆ ಓಡಿದರು. ಅವರನ್ನೂ ನಾನು ಬೈಯುವುದಿಲ್ಲ, ದಾರಿ ಮೇಲಕ್ಕೇ ಇತ್ತು. ಆದರೆ ಅವತ್ತು ಬಹುಮಾನ ಕೊಟ್ಟರು, ಭಾಷಣ ಮಾಡಿದರು, ಉಪ್ಪಿಟ್ಟು ತಿಂದರು. ಮಕ್ಕಳು ಹೇಗಿವೆ ಎಂದು ಆ ವೇದಿಕೆಯಿಂದ ಯಾರೂ ಬಂದು ಕೇಳಲಿಲ್ಲ. ಸರ ಅವತ್ತೇ ಚೈತ್ರಾಗೆ ಮತ್ತು ಇನ್ನೂ ಮೂವರಿಗೆ ಹಾವೇರಿಯಲ್ಲಿ ರಕ್ತ ಏರಿಸಿದರು.

ಒಂದು ವಾರದಲ್ಲಿ ಅವರಿಗೆ ನೋಟೀಸು ಬಂತು. ಸಂಸ್ಥೆಯ ಘನತೆಗೆ ಧಕ್ಕೆ ತಂದಿದ್ದೀರಿ, ಉತ್ತರ ಕೊಡಿ ಎಂದು. ಅದರ ಬೆನ್ನಿಗೇ ಟ್ರಸ್ಟಿನ ಗುಮಾಸ್ತರು ನಮ್ಮ ಮನೆಗೆ ಒಂದು ಕಾಗದ ತಂದರು. ಎಲ್ಲ ತಂದೆತಾಯಿಗಳ ಮನೆಗೂ ಒಯ್ದಿದ್ದರು. 'ಸದರಿ ನೌಕರರು ಯಾರೂ ಕರೆಯದೆ ಕಾರ್ಯಕ್ರಮಕ್ಕೆ ನುಗ್ಗಿ, ಕೂಗಾಡಿ, ನಮ್ಮ ಮಕ್ಕಳನ್ನು ಹೆದರಿಸಿದ್ದಾರೆ' ಎಂದು ಅದರಲ್ಲಿ ಟೈಪು ಮಾಡಿತ್ತು. ಕೆಳಗೆ ಸಹಿಗೆ ಜಾಗ.

"ಮಾತ್ರಿ ಪಟ್ಟಿ ಇನ್ನಾ ಆಖೈರ ಆಗಿಲ್ರಿ ಅಕ್ಕೋರ" ಎಂದರು ಗುಮಾಸ್ತರು. ಅವರ ದನಿಯಲ್ಲಿ ಬೆದರಿಕೆ ಇರಲಿಲ್ಲ. ಬಿಲ್ಲಿನ ಬಗ್ಗೆ ಹೇಳುವ ಹಾಗೆ ಹೇಳಿದರು.

ಕರೆದವಳು ನಾನು. ಫೋನು ಹಚ್ಚಿದ್ದು ಈ ಕೈ. ಅದೇ ಕೈಯಿಂದ, ಯಾರೂ ಕರೆಯದೆ ಬಂದರು ಎಂಬ ಸಾಲಿನ ಕೆಳಗೆ ನಾನು ಸಹಿ ಹಾಕಿದೆ.

ಇದನ್ನು ಬರೆಯುವಾಗ ಟ್ರಸ್ಟಿನವರ ಮೇಲೆ ನನಗೆ ಎಷ್ಟು ಸಿಟ್ಟಿದೆಯೋ ಅಷ್ಟೇ ಸಿಟ್ಟು ನನ್ನ ಮೇಲೂ ಇದೆ. ಬಡತನಕ್ಕೆ ಸಹಿ ಹಾಕಿದೆ ಎನ್ನಲು ನಾನು ಬಡವಳಲ್ಲ, ಸರಕಾರಿ ಸಂಬಳದವಳು. ಮಾತ್ರೆ ದುಬಾರಿಯಾಗಿತ್ತು, ಕಷ್ಟಪಟ್ಟಿದ್ದರೆ ಕೊಳ್ಳಬಹುದಿತ್ತು. ಅದಕ್ಕಿಂತ, ಮುಂದಿನ ಸಲ ಆ ಕಿಟಕಿಯಲ್ಲಿ ರಕ್ತದ ಚೀಲ ಇಲ್ಲ ಎಂದುಬಿಟ್ಟರೆ ಎಂಬ ಭಯ ನನಗಿತ್ತು. ಹದಿನಾಲ್ಕು ಮನೆಯಲ್ಲಿ ಹನ್ನೊಂದು ಮನೆಯವರು ಸಹಿ ಹಾಕಿದರು. ಹಾಕದ ಮೂವರು ನನಗಿಂತ ಕಷ್ಟದಲ್ಲಿದ್ದವರು.

ಹದಿನೆಂಟು ವರ್ಷ ಕೆಲಸ ಮಾಡಿದವರನ್ನು ಒಂದು ಕಾಗದದ ಮೇಲೆ ಕಳಿಸಿಬಿಟ್ಟರು. ಆ ಭಾನುವಾರ ನಾನು ಬ್ಯಾಡಗಿಗೆ ಅವರ ಮನೆಗೆ ಹೋದೆ. ಅವರು ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ನಿಂತೇ ಹೇಳಿದೆ. "ಸರ, ಆ ಕಾಗದಕ್ಕ ನಾನೂ ಸಹಿ ಮಾಡೇನ್ರಿ."

"ಗೊತ್ತೈತಿ. ನನಗ ತೋರಿಸ್ಯಾರ."

ಬೈಯುತ್ತಾರೆಂದು ಕಾದೆ. ಅವರು ಬೈದರೆ ಸಾಕು, ಹಗುರಾಗಿ ಮನೆಗೆ ಹೋಗುತ್ತೇನೆ ಎಂದುಕೊಂಡಿದ್ದೆ. ಅವರು ಇನ್ನೊಂದು ಶೇಂಗಾ ಒಡೆದರು.

"ಮಗಳಿಗೆ ಮೊನ್ನೆ ರಕ್ತ ಏರಿಸಿದ್ರು?"

"ಹೂಂರಿ."

"ಚೀಲದ ಮ್ಯಾಲಿನ ತಾರೀಖು ನೋಡಿದ್ರಿಲ್ಲೊ? ಹಳೇದು ಕೊಟ್ಟರ ಬ್ಯಾಡ ಅನ್ರಿ. ನಾ ಇದ್ದಾಗ ನೀವು ನೋಡ್ತಿದ್ದಿಲ್ಲ. ಇನ್ನ ಮ್ಯಾಲ ನೀವ ನೋಡಬೇಕು." ಒಳಗೆ ತಿರುಗಿ, "ಅಕ್ಕೋರು ಬಂದಾರ, ಚಾ ಮಾಡು" ಎಂದು ಹೆಂಡತಿಗೆ ಹೇಳಿದರು. ಜಗತ್ತಿಗೆಲ್ಲ ಬೈದ ಮನುಷ್ಯ ಅವತ್ತು ನನಗೆ ಮಾತ್ರ ಬೈಯಲಿಲ್ಲ. ಚಹಾ ಕುಡಿದು ಎದ್ದು ಬಂದೆ.

ಆಮೇಲೆ ಅವರು ಬ್ಯಾಡಗಿಯಲ್ಲೇ ಒಂದು ಸಣ್ಣ ಲ್ಯಾಬಿನಲ್ಲಿ ಅರ್ಧ ಸಂಬಳಕ್ಕೆ ಸೇರಿಕೊಂಡರು. ಆದರೆ ಫೋನು ಬಿಡಲಿಲ್ಲ. ಯಾವ ಮಕ್ಕಳಿಗೆ ಯಾವಾಗ ಎಂಬುದು ಅವರ ತಲೆಯಲ್ಲೇ ಇತ್ತು. ದಾವಲ್‌ಸಾಬರ ಮಂದಿಯನ್ನು ಕರೆದುಕೊಂಡು ಹಾವೇರಿಯವರೆಗೂ ಬರುತ್ತಿದ್ದರು. ರಕ್ತಭಂಡಾರದೊಳಗೆ ಅವರಿಗೆ ಪ್ರವೇಶ ಇರಲಿಲ್ಲ. ರಸ್ತೆಯ ಆಚೆ ಚಹಾದಂಗಡಿಯ ಬೆಂಚಿನ ಮೇಲೆ ಕೂತು ಒಬ್ಬೊಬ್ಬರನ್ನೇ ಒಳಗೆ ಕಳಿಸುತ್ತಿದ್ದರು. ಒಳಗಿನವರು ಆ ರಕ್ತ ತೆಗೆದುಕೊಳ್ಳುತ್ತಿದ್ದರು. ಅದನ್ನು ಬೇಡ ಎನ್ನುವಷ್ಟು ಘನತೆ ಅವರಲ್ಲಿರಲಿಲ್ಲ. ಎಂಟು ವರ್ಷ ಹೀಗೆಯೇ ನಡೆಯಿತು.

ಓಟವೂ ವರ್ಷಾ ನಡೆಯಿತು. ಮಾತ್ರೆ ಬಂದವು, ಅದನ್ನು ಇಲ್ಲವೆನ್ನುವುದಿಲ್ಲ, ಚೈತ್ರಾಳೂ ನುಂಗಿದ್ದಾಳೆ. ಮರುವರ್ಷ ಮಕ್ಕಳನ್ನು ಕರೆದಾಗ ಅವಳೇ ಬರುವುದಿಲ್ಲ ಎಂದಳು. ಅವಳು ಬರುವುದಿಲ್ಲವೆಂದ ಮೇಲೆ ಉಳಿದವರೂ ಹಿಂಜರಿದರು, ಮಕ್ಕಳನ್ನು ನಿಲ್ಲಿಸುವುದು ನಿಂತಿತು. ಹನ್ನೆರಡು ವರ್ಷದವಳು ಮಾಡಿದ್ದನ್ನು ನಾನು ಅದಕ್ಕೂ ಒಂದು ವರ್ಷ ಮೊದಲೇ ಮಾಡಬಹುದಿತ್ತು.

ಅವರು ತೀರಿದ ಹತ್ತನೆಯ ದಿನ ಟ್ರಸ್ಟಿನವರೇ ಹಾವೇರಿಯಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟರು. ಅವರ ಹೆಂಡತಿ ಬರಲಿಲ್ಲ. ನಾನು, ಚೈತ್ರಾ ಹೋದೆವು. ಅವಳೀಗ ಬಿ.ಕಾಂ. ಓದುತ್ತಿದ್ದಾಳೆ. ಹಿಂದಿನ ಸಾಲಿನಲ್ಲಿ ದಾವಲ್‌ಸಾಬ್ ಮತ್ತು ನಾಲ್ಕೈದು ಹಮಾಲರು ಕೂತಿದ್ದರು. ಅಧ್ಯಕ್ಷರು ಮಾತಾಡಿದರು. ತೀರಿಕೊಂಡವರು ಶಾಂತಮೂರ್ತಿಗಳು, ಯಾರಿಗೂ ಒಂದು ಮಾತು ಗಟ್ಟಿಯಾಗಿ ಆಡಿದವರಲ್ಲ ಎಂದರು. ನಾನು ಸುಮ್ಮನಿದ್ದೆ. ಈ ವರ್ಷದ ಗುಡ್ಡದ ಓಟ ಅವರ ಹೆಸರಿನಲ್ಲಿ ಎಂದರು. ಅದಕ್ಕೂ ಸುಮ್ಮನಿದ್ದೆ. ಆಮೇಲೆ, "ವಯಸ್ಸಿನ ಕಾರಣಕ್ಕೆ ಅವರು ಸ್ವಇಚ್ಛೆಯಿಂದ ನಮ್ಮ ಸಂಸ್ಥೆಯ ಸೇವೆ ಬಿಟ್ಟರೂ..." ಎಂದರು.

ನಾನು ಎದ್ದು ನಿಂತಿದ್ದೆ.

"ಸ್ವಇಚ್ಛಾದಿಂದ ಅಲ್ರಿ. ನೀವ್ ತಗದೀರಿ. ನಾವು ಸಹಿ ಮಾಡಿ ಕೊಟ್ಟೀವಿ. ಅವರು ಕರೀದ ಬಂದಿದ್ದಿಲ್ಲ, ನಾ ಫೋನ್ ಮಾಡಿ ಕರಸಿದ್ದೆ. ಮಕ್ಕಳು ಅವರಿಗೆ ಹೆದರಿದ್ದಿಲ್ಲ. ಆ ಕಾಗದ ಸುಳ್ಳು."

ಸಭೆ ನನ್ನ ಕಡೆ ತಿರುಗಿತು. ಅಧ್ಯಕ್ಷರು ಮೈಕಿನಲ್ಲೇ, "ಅಕ್ಕೋರ, ದುಃಖದಾಗ ಅದೀರಿ, ಕುಂದರ್ರಿ. ಇದು ಅದಕ್ಕ ಜಾಗಾ ಅಲ್ಲ" ಎಂದರು.

"ಮತ್ಯಾವ ಜಾಗಾರಿ?" ಎಂದು ಹಿಂದಿನಿಂದ ದಾವಲ್‌ಸಾಬರ ದನಿ ಬಂತು. "ಮಕ್ಕಳು ನಿಂತಿದ್ರಲ್ಲ, ಆ ಬಂಡೆ ಮ್ಯಾಲ ಹೋಗಿ ಮಾತಾಡೂನೇನು?"

ಅಧ್ಯಕ್ಷರು ಮೌನಾಚರಣೆ ಎಂದು ಘೋಷಿಸಿದರು. ಎಲ್ಲರೂ ಎದ್ದು ತಲೆ ತಗ್ಗಿಸಿದರು. ಮೌನ ಮುಗಿಯುವ ಮೊದಲೇ ಹಮಾಲರು ಹೊರಗೆ ಹೋದರು, ಅವರ ಹಿಂದೆ ನಾವೂ ಹೋದೆವು. ಹೊರಗೆ ಸಹಿ ಹಾಕಿದ್ದ ಇನ್ನೊಬ್ಬ ತಾಯಿ ನನ್ನ ಕೈ ಹಿಡಿದುಕೊಂಡು, "ನನ್ನ ಹೆಸರೂ ಅದರಾಗ ಐತ್ರಿ" ಎಂದಳು. ಅವಳಿಗೆ ಅಳು ತಡೆಯಲಾಗುತ್ತಿರಲಿಲ್ಲ.

ಮರುದಿನ ನಾನು ರಜೆ ಹಾಕಿ ಟ್ರಸ್ಟಿನ ಕಚೇರಿಗೆ ಹೋದೆ. ಒಂದು ಕಾಗದ ಬರೆದುಕೊಂಡು ಹೋಗಿದ್ದೆ. ಎಂಟು ವರ್ಷದ ಹಿಂದೆ ನಾನು ಸಹಿ ಮಾಡಿದ ಹೇಳಿಕೆ ಸುಳ್ಳು, ಅದನ್ನು ವಾಪಸು ಪಡೆಯುತ್ತೇನೆ, ಈ ಪತ್ರವನ್ನು ಸರ ಅವರ ಕಡತಕ್ಕೆ ಹಚ್ಚಬೇಕು ಎಂದು. ಅದೇ ಗುಮಾಸ್ತರು. ಕೂದಲು ನರೆತಿತ್ತು. ಓದಿ ನನ್ನ ಕಡೆಗೇ ಸರಿಸಿದರು.

"ಆ ಫೈಲು ಮುಗದು ಹೋಗೈತ್ರಿ ಅಕ್ಕೋರ. ಮನಶ್ಯಾನೇ ಇಲ್ಲ. ಸತ್ತವರ ಫೈಲಿಗೆ ಇದನ್ಯಾಕ ಹಚ್ಚೂದ್ರಿ?"

"ಹಚ್ರಿ" ಎಂದೆ.

"ಮ್ಯಾಲಿನವರನ್ನ ಕೇಳಬೇಕಾಗತೈತಿ. ನೀವು ಇನ್ನೊಮ್ಮೆ..."

"ಮೊದಲ ಮೊಹರು ಹಾಕಿ ತೊಗೋರಿ. ಆಮ್ಯಾಲ ಯಾರನ್ನ ಬೇಕಾದ್ರೂ ಕೇಳ್ರಿ!"

ನನ್ನ ದನಿ ಅಷ್ಟು ಜೋರಾಗಿ ಹೊರಟೀತು ಎಂದು ನನಗೇ ಗೊತ್ತಿರಲಿಲ್ಲ. ಪಕ್ಕದ ಕಿಟಕಿಯಲ್ಲಿ ರಕ್ತಕ್ಕೆ ಕಾದಿದ್ದವರೆಲ್ಲ ತಿರುಗಿ ನೋಡಿದರು. ಗುಮಾಸ್ತರು ಮೇಜಿನ ಖಾನೆ ಎಳೆದು, ಮೊಹರು ಹುಡುಕಿ, ಕಾಗದದ ಮೇಲೆ ಒತ್ತಿ, ತಾರೀಖು ಹಾಕಿದರು. ಅದರ ಒಂದು ಪ್ರತಿಯ ಮೇಲೂ ಒತ್ತಿಸಿಕೊಂಡು ನಾನು ಹೊರಗೆ ಬಂದೆ. ಮೆಟ್ಟಿಲ ಹತ್ತಿರ ಆ ಇನ್ನೊಬ್ಬ ತಾಯಿ ತನ್ನ ಕಾಗದ ಹಿಡಿದುಕೊಂಡು ಒಳಗೆ ಬರುತ್ತಿದ್ದಳು.